ಉಳಿತಾಯವನ್ನೆಲ್ಲ ಗೃಹಸಾಲಕ್ಕೆ ಕಟ್ಟಿಬಿಡಲೇ?

ಪ್ರಶ್ನೆ:
ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷಗಳಿಂದ ಕೆಲಸದಲ್ಲಿದ್ದೇನೆ. ರಫ್ತಿನ ಆರ್ಡರ್‌ಗಳು ಕಡಿಮೆಯಾಗಿ ಈಗಾಗಲೇ ಇಬ್ಬರನ್ನು ಮನೆಗೆ ಕಳುಹಿಸಿದ್ದಾರೆ. ಮುಂದಿನ ಸರದಿ ನನ್ನದೇ ಎಂಬ ಭಯದಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. 2021ರಲ್ಲಿ ಪಡೆದ ಗೃಹಸಾಲದ ಕಂತು 26,000 ರೂಪಾಯಿ. ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಶೇ 4ರಿಂದ ಶೇ 6.5ಕ್ಕೆ ಏರಿದಾಗ ಬ್ಯಾಂಕಿನವರು ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಹಿಗ್ಗಿಸಿದ್ದು ನನಗೆ ತಿಳಿದದ್ದೂ ತಡವಾಗಿ. ಕೈಯಲ್ಲಿರುವ 4 ಲಕ್ಷ ರೂಪಾಯಿಯನ್ನು ಸಾಲಕ್ಕೆ ಕಟ್ಟಿದರೆ ಮನಸ್ಸಾದರೂ ಹಗುರಾದೀತೇ? ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಬಾಕಿಯೂ ಇದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ):
ದಯವಿಟ್ಟು ಹಾಗೆ ಮಾಡಬೇಡಿ. ಸಂಬಳ ನಿಂತ ತಿಂಗಳು ಬ್ಯಾಂಕು ಕೇಳುವುದು ಆ ತಿಂಗಳ ಕಂತನ್ನೇ ಹೊರತು, ಹಿಂದೆ ನೀವು ಎಷ್ಟು ಹೆಚ್ಚುವರಿ ಕಟ್ಟಿದ್ದೀರಿ ಎಂಬುದನ್ನಲ್ಲ. ಕಾರ್ಡಿನ ಬಾಕಿಯನ್ನು ಮಾತ್ರ ಇಂದೇ ತೀರಿಸಿ. ಅದರ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ 36ರಿಂದ 42ರ ಆಸುಪಾಸಿನಲ್ಲಿರುತ್ತದೆ. ಉಳಿಯುವ 3.4 ಲಕ್ಷ ರೂಪಾಯಿ 13 ಕಂತುಗಳಿಗೆ ಸಾಕು, ಮನೆಖರ್ಚನ್ನೂ ಸೇರಿಸಿದರೆ ಅರ್ಧಕ್ಕೆ ಇಳಿದೀತು. ಬಡ್ಡಿದರ ಮರುನಿಗದಿಯಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿಯೇ ಸೂಚಿಸಿದೆ. 2025ರ ಫೆಬ್ರವರಿ ಮತ್ತು ಜೂನ್ ನಡುವೆ ರೆಪೊ ದರ ಶೇ 6.5ರಿಂದ 5.5ಕ್ಕೆ ಇಳಿಯಿತು, ಆ ಇಳಿಕೆ ನಿಮ್ಮ ಖಾತೆಯನ್ನು ತಲುಪಿದೆಯೇ ಎಂದು ಲಿಖಿತವಾಗಿ ಕೇಳಿ. ಒಂದು ವೇಳೆ ಕೆಲಸ ಹೋದರೆ, ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ ಮಾತನಾಡಿ. ಬಾಕಿ 90 ದಿನ ಮೀರಿದರೆ ಸಾಲವು ಅನುತ್ಪಾದಕ ಆಸ್ತಿ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ.

ಉತ್ತರ 2:
2009ರ ಹಿಂಜರಿತದಲ್ಲಿ ಕೆಲಸ ಕಳೆದುಕೊಂಡ ನಾನು, ಊಟದ ಡಬ್ಬಿ ಹಿಡಿದು ಎರಡು ತಿಂಗಳು ಕಬ್ಬನ್ ಪಾರ್ಕಿನಲ್ಲಿ ಕುಳಿತು ಬಂದವನು. ಸಂಬಳದ ದಿನ ತರುತ್ತಿದ್ದ ಸಿಹಿಯ ಪೊಟ್ಟಣ ಬಾರದಿದ್ದಾಗಲೇ ಹೆಂಡತಿಗೆ ತಿಳಿದಿತ್ತಂತೆ. ಕೊನೆಗೆ ಇಬ್ಬರೂ ಕುಳಿತು ಲೆಕ್ಕ ಬರೆದೆವು. ಆಕೆ ಹಾಕುತ್ತಿದ್ದ ಚೀಟಿಯ ವಿಷಯ ಹೊರಬಂದದ್ದು ಆಗಲೇ. (ಗುಟ್ಟು ನನ್ನೊಬ್ಬನದೇ ಆಗಿರಲಿಲ್ಲ!)

ಉತ್ತರ 3:
11 ವರ್ಷ ದುಡಿದಿರುವುದರಿಂದ ನಿಮಗೆ ಗ್ರಾಚ್ಯುಟಿಯೂ ಬರಬೇಕು; ಪಿಎಫ್ ಜೊತೆಗೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿದ್ದೆಯ ವಿಷಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಪ್ರಶ್ನೆ ಕೇಳಿದವರು:
ಕಾರ್ಡಿನ ಬಾಕಿಯನ್ನು ಈಗಷ್ಟೇ ತೀರಿಸಿದೆ. ಶಾಖೆಗೆ ಕೊಡಬೇಕಾದ ಪತ್ರವನ್ನೂ ಬರೆದಿಟ್ಟಿದ್ದೇನೆ. ಮಗಳ ಪರೀಕ್ಷೆ ಶನಿವಾರ ಮುಗಿಯುತ್ತದೆ, ಭಾನುವಾರ ಮನೆಯಲ್ಲಿ ಹೇಳುತ್ತೇನೆ.