ಉತ್ತರಾಖಂಡದಲ್ಲೇ ಇರಬೇಕೋ, ಬಿಟ್ಟು ಕಲಬುರಗಿಗೋ ಹೈದರಾಬಾದ್‌ಗೋ ಬರಬೇಕೋ? (ಎರಡು ಧರ್ಮದ ಜೋಡಿ)

ಕಾರಂಜಾ_ದಂಡೆ ಕೇಳಿದ ಪ್ರಶ್ನೆ

ನಾನು ಹುಮನಾಬಾದ್ ಕಡೆಯವಳು, ಲಿಂಗಾಯತ ಮನೆತನ. ಆತ ಶಹಾಬಾದ್‌ನವನು, ಮುಸ್ಲಿಂ. ಇಬ್ಬರಿಗೂ 25 ದಾಟಿದೆ. ಡೆಹ್ರಾಡೂನ್ ಹತ್ತಿರದ ಸೆಲಾಕುಯಿಯಲ್ಲಿ ಔಷಧ ಕಂಪನಿ ಕೆಲಸ, ನನ್ನದು ಕ್ಯೂಸಿ (ಗುಣಮಟ್ಟ ಪರೀಕ್ಷೆ), ಆತನದು ಪ್ರೊಡಕ್ಷನ್. ಸದ್ಯ ಬೇರೆ ಬೇರೆ ಪಿಜಿಯಲ್ಲಿದ್ದೇವೆ. ಒಂದೇ ಮನೆ ಹಿಡಿಯೋಣ ಎಂದರೆ ಮನೆ ಮಾಲೀಕರು ಲಿವ್-ಇನ್ ನೋಂದಣಿಯ ಕಾಗದ ಕೇಳುತ್ತಿದ್ದಾರೆ. ಮದುವೆ ಆಗುವುದು ಖಚಿತ, ಮತಾಂತರ ಇಬ್ಬರಿಗೂ ಬೇಡ. ಎರಡೂ ಮನೆಗಳಿಗೆ ಇನ್ನೂ ಗೊತ್ತಿಲ್ಲ.

ನಮ್ಮ ಮುಂದೆ ಮೂರು ದಾರಿ ಇವೆ: ಇಲ್ಲೇ ಇದ್ದು ಮದುವೆ ಆಗುವುದು, ಕಲಬುರಗಿಗೆ ವಾಪಸ್ ಬರುವುದು, ಇಲ್ಲವೇ ಹೈದರಾಬಾದ್ ಕಡೆ ಕೆಲಸ ನೋಡುವುದು. ಆತ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ 371(ಜೆ) ವಿಧಿಯ ಅಡಿ ಗ್ರೂಪ್-ಸಿ ಪರೀಕ್ಷೆ ಬರೆಯುತ್ತಿದ್ದಾನೆ. ತೆಲಂಗಾಣಕ್ಕೆ ಹೋದರೆ ಆ ಹಕ್ಕು ಹೋಗುತ್ತದೆಯೇ? ಕಾನೂನು ತಿಳಿದವರು, ಆ ಕಡೆಯ ಕೆಲಸ ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಕೋರ್ಟ್_ರೋಡ್ ಅವರ ಉತ್ತರ

ತಂಗಿ, ಎಲ್ಲಿ ಬದುಕುವುದು, ಎಲ್ಲಿ ಮದುವೆ ಆಗುವುದು ಎರಡೂ ಒಂದೇ ತೀರ್ಮಾನ ಅಲ್ಲ. ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಇಲ್ಲೇ ತಿಳಿಯಾಗುತ್ತದೆ.

ಮೊದಲು ಉತ್ತರಾಖಂಡದ ಮಾತು. ಅಲ್ಲಿಯ ಏಕರೂಪ ನಾಗರಿಕ ಸಂಹಿತೆ 2024ರ ಕಾಯ್ದೆ, ಜಾರಿಯಾದದ್ದು 2025ರ ಜನವರಿ 27ರಂದು. ಮದುವೆಯಾಗದೆ ಒಂದೇ ಮನೆಯಲ್ಲಿ ಗಂಡ-ಹೆಂಡಿರಂತೆ ಇರುವ (ಲಿವ್-ಇನ್) ಜೋಡಿ, ಅಲ್ಲಿನವರಾಗಿರಲಿ ಹೊರಗಿನವರಾಗಿರಲಿ, ಒಂದು ತಿಂಗಳೊಳಗೆ ರಿಜಿಸ್ಟ್ರಾರ್‌ಗೆ ಹೇಳಿಕೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಮೂಲ ಕಾಯ್ದೆಯ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 21 ದಾಟಿದವರ ವಿಷಯವನ್ನು ತಂದೆತಾಯಿಗೆ ತಿಳಿಸಬೇಕೆಂದು ಅದರಲ್ಲಿಲ್ಲ, ನಿಜ. ಆದರೆ ದಾಖಲೆ ಸ್ಥಳೀಯ ಪೊಲೀಸ್ ಠಾಣೆಗೆ ಹೋಗುತ್ತದೆ. ಎರಡು ಧರ್ಮದ ಹೆಸರಿರುವ ಕಾಗದ ಠಾಣೆ ಸೇರಿದ ಮೇಲೆ ಎಲ್ಲಿಗೆ ಹರಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ಅಲ್ಲಿರುವ ತನಕ ಪಿಜಿ ಬೇರೆಯೇ ಇರಲಿ, ಆ ಮನೆ ಹಿಡಿಯಬೇಡಿ.

ಮದುವೆಗೆ ನಿಮಗೆ ಇರುವ ದಾರಿ ವಿಶೇಷ ವಿವಾಹ ಕಾಯ್ದೆ, 1954. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ವಿವಾಹಾಧಿಕಾರಿಗೆ ಮದುವೆಯ ನೋಟಿಸ್ ಕೊಡುವ ಮೊದಲಿನ 30 ದಿನ ಆ ಅಧಿಕಾರಿಯ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕಚೇರಿಯ ಫಲಕದ ಮೇಲೆ ಹಚ್ಚಲಾಗುತ್ತದೆ, ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಪ್ರಕಟವಾಗಿ 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರು ಘೋಷಣೆಗೆ ಸಹಿ ಹಾಕಿ ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮುಗಿಸದಿದ್ದರೆ ಹೊಸ ನೋಟಿಸ್ ಕೊಡಬೇಕು.

ಬಹಳ ಜೋಡಿಗಳು ಎಡವುವ ಜಾಗ ಕಲಂ 6(3). ಇಬ್ಬರಲ್ಲಿ ಯಾರದ್ದಾದರೂ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ, ನೋಟಿಸಿನ ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿಯ ಫಲಕದ ಮೇಲೂ ಬೀಳುತ್ತದೆ. ಡೆಹ್ರಾಡೂನ್‌ನಲ್ಲೇ ನೋಟಿಸ್ ಕೊಟ್ಟರೂ ಫಾರ್ಮಿನಲ್ಲಿ 'ಕಾಯಂ ವಿಳಾಸ: ಹುಮನಾಬಾದ್' ಎಂದು ಬರೆದರೆ ಬೀದರ್ ಜಿಲ್ಲೆಗೆ ಸುದ್ದಿ ತಲುಪಿತೆಂದೇ ತಿಳಿಯಿರಿ. ದೂರ ಹೋದರೆ ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಹುಸಿಯಾಗುವುದು ಇಲ್ಲಿಯೇ. ಸುಳ್ಳು ವಿಳಾಸವನ್ನಂತೂ ಬರೆಯಲೇಬೇಡಿ, ಸುಳ್ಳು ಘೋಷಣೆ ತಾನೇ ಒಂದು ಅಪರಾಧ. ಹೊಸ ಊರಿನಲ್ಲಿ ನಿಜವಾಗಿ ನೆಲೆ ನಿಂತು, ಬಾಡಿಗೆ ಕರಾರು, ಆಧಾರ್ ವಿಳಾಸ, ಬ್ಯಾಂಕ್ ಪಾಸ್‌ಬುಕ್, ಕಂಪನಿಯ ಪತ್ರ ಎಲ್ಲ ಅಲ್ಲಿಯದೇ ಆದ ಮೇಲೆ ನೋಟಿಸ್ ಕೊಡುವುದು ಸರಿಯಾದ ಕ್ರಮ. ಕಾಯ್ದೆಯ 30 ದಿನಕ್ಕೇ ಅವಸರ ಮಾಡದೆ ಮೂರ್ನಾಲ್ಕು ತಿಂಗಳು ನಿಲ್ಲಿ.

ಆಕ್ಷೇಪಣೆ ಯಾರು ಬೇಕಾದರೂ ಹಾಕಬಹುದು. ಆದರೆ ಕಲಂ 4ರ ಕಾರಣಗಳಿಗೆ ಮಾತ್ರ: ವಯಸ್ಸು, ಇನ್ನೂ ಊರ್ಜಿತವಿರುವ ಮೊದಲ ಮದುವೆ, ಒಪ್ಪಿಗೆ ಕೊಡಲಾಗದ ಮನಃಸ್ಥಿತಿ, ಮದುವೆಗೆ ನಿಷಿದ್ಧವಾದ ಹತ್ತಿರದ ನೆಂಟಸ್ತನ. 'ಮನೆಯವರಿಗೆ ಒಪ್ಪಿಗೆ ಇಲ್ಲ', 'ಬೇರೆ ಧರ್ಮ' ಎಂಬುದು ಕಾರಣವೇ ಅಲ್ಲ. ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಆಕ್ಷೇಪಣೆಯನ್ನು ಎತ್ತಿಹಿಡಿದರೆ ನೀವು 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಆತುರಕ್ಕೆ ಬಿದ್ದು ಒಬ್ಬರು ಧರ್ಮ ಬದಲಿಸಿ ಒಂದೇ ದಿನದಲ್ಲಿ ಮದುವೆ ಮುಗಿಸುವ ದಾರಿ ಹಿಡಿಯಬೇಡಿ. ಉತ್ತರಾಖಂಡದಲ್ಲಿ 2018ರ ಮತಾಂತರ ಕಾಯ್ದೆ ಇದೆ, 2022ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ಕರ್ನಾಟಕದ್ದು 2022ರ ಕಾಯ್ದೆ. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು, ಆದರೆ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ರದ್ದಾಗುವುದಿಲ್ಲ. ಧರ್ಮವನ್ನೇ ಬದಲಿಸದ ಮದುವೆಗೆ ಈ ಯಾವ ಕಾಯ್ದೆಯೂ ತಾಗುವುದಿಲ್ಲ. ಎರಡು ತಿಂಗಳ ಕಾಯುವಿಕೆ ಕಷ್ಟವೇ, ಆದರೆ ಅದು ಕೊಡುವ ರಕ್ಷಣೆ ದೊಡ್ಡದು.

ಬಿದರಿ_ಕುಸುರಿ ಅವರ ಉತ್ತರ

ತಂಗಿ, ಕಾಯ್ದೆ ಮ್ಯಾಲಿನವರು ಹೇಳ್ಯಾರ, ನಾ ನಿನ್ನ ಕಾಗದ-ಪತ್ರದ ಮಾತು ಹೇಳ್ತೀನಿ. ಹೆಣ್ಮಕ್ಕಳ ಕೈ ಕಟ್ಟೋದು ಇಲ್ಲೇ ನೋಡು.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮನಿಯಾಗಿನ ಟ್ರಂಕಿನಾಗ ಅದ ಏನು? ವಯಸ್ಸಿನ ದಾಖಲೆ ಅಂದ್ರ ಅದೇ ಮುಖ್ಯ, ಆಧಾರ್ ಅಲ್ಲ. ಹಬ್ಬಕ್ಕ ಬಂದಾಗ ಸುಮ್ನ ತಗೊಂಡು ಹೋಗು. ಆಗಲಿಲ್ಲಂದ್ರ ಓದಿದ ಶಾಲಿ ಮುಖಾಂತರ ಮಂಡಳಿಗಿ ಅರ್ಜಿ ಹಾಕಿ ನಕಲು ಪ್ರತಿ ತಗಿಸ್ಕೋ, ಇದಕ್ಕ ವಾರಗಟ್ಟಲೆ ಹಿಡೀತದ, ಈಗ್ಲೇ ಶುರು ಮಾಡು. ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪದವಿ ಸರ್ಟಿಫಿಕೇಟ್ ಎಲ್ಲಾ ಕೈಯಾಗ ಇರ್ಲಿ, ಡಿಜಿಲಾಕರ್‌ನಾಗೂ ಇರ್ಲಿ.

ನಿನ್ನ ಸಿಮ್ ಯಾರ ಹೆಸರಿಗಿ ಅದ? ನಮ್ಮ ಕಡಿ ಬಹಳ ಹುಡುಗ್ಯಾರ ಸಿಮ್ ಅಪ್ಪನ ಹೆಸರಿಗೇ ಇರ್ತದ. ಅವರು ಒಂದು ದಿನ ಬಂದ್ ಮಾಡಿಸಿದ್ರಂದ್ರ ಬ್ಯಾಂಕಿನ ಓಟಿಪಿ, ಆಧಾರ್ ಓಟಿಪಿ, ಪಿಎಫ್ ಎಲ್ಲಾ ಒಮ್ಮಿಗೇ ನಿಂತು ಹೋಗ್ತಾವ. ನಿನ್ನ ಹೆಸರಿಗಿ ಸಿಮ್ ತಗೊಂಡು, ಮೊದಲು ಆಧಾರ್ ಕೇಂದ್ರಕ್ಕ ಹೋಗಿ ನಂಬರ್ ಬದಲಿಸು. ಬೆರಳಚ್ಚು ಕೊಟ್ರ ಸಾಕು, ಹಳೀ ನಂಬರಿನ ಓಟಿಪಿ ಬೇಕಾಗಿಲ್ಲ. ಆಮ್ಯಾಲೆ ಬ್ಯಾಂಕು, ಆಮ್ಯಾಲೆ ಪಿಎಫ್. ಪಗಾರ ಅಪ್ಪನ ಜೋಡಿ ಇರೋ ಜಂಟಿ ಖಾತೆಗಿ ಬೀಳ್ತಿದ್ರ ಬ್ಯಾರೆ ಖಾತೆ ತಗಿ.

ಇನ್ನೊಂದು ಮಾತು, ಇದನ್ನ ಮರಿಬ್ಯಾಡ. ಸುದ್ದಿ ಗೊತ್ತಾದ ಮ್ಯಾಲೆ ಮನಿಯವರು 'ಹೋಗಾಕಿ ಹೋಗು, ಹೊಲದ ಹಕ್ಕು ಬಿಟ್ಟೀನಿ ಅಂತ ಸಹಿ ಹಾಕಿ ಹೋಗು' ಅಂತಾರ. ಹಕ್ಕು ಬಿಡುಗಡೆ ಪತ್ರಕ್ಕ ಆ ಸಿಟ್ಟಿನಾಗ, ಆ ಅಳುವಿನಾಗ ಸಹಿ ಹಾಕಬ್ಯಾಡ. ಬ್ಯಾರೆ ಧರ್ಮದವನ್ನ ವಿಶೇಷ ವಿವಾಹ ಕಾಯ್ದೆದಾಗ ಮದುವಿ ಆದ್ರ ಕಲಂ 19ರ ಪ್ರಕಾರ ನೀ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂಗ ಆಗ್ತದ. ಬೇರ್ಪಟ್ರ ಪಾಲು ಹೋಗೂದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆದ 2005ರ ತಿದ್ದುಪಡಿ ಮ್ಯಾಲೆ ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟೇ ಹಕ್ಕದ, ಲಿಂಗಾಯತರಿಗೂ ಅದೇ ಕಾಯ್ದೆ. ಮುಂದ ನಿಮ್ಮಿಬ್ಬರ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಪ್ರಕಾರ ನಡೀತದ. ಅದಕ್ಕ ಮದುವಿ ಆದ ವರ್ಷದಾಗೇ ಇಬ್ಬರೂ ಒಂದೊಂದು ವಿಲ್ ಬರೆದಿಡ್ರಿ.

ಶಿಫ್ಟ್_ಬಸ್ ಅವರ ಉತ್ತರ

ಕೆಲಸದ ಮಾತು ನಾನು ಹೇಳುತ್ತೇನೆ. ಕ್ಯೂಸಿ ಅನುಭವಕ್ಕೆ ಹೈದರಾಬಾದ್ ಸುತ್ತ ಬೇಡಿಕೆ ಎಂದೂ ಕಮ್ಮಿ ಆಗಿಲ್ಲ. ಎಚ್‌ಪಿಎಲ್‌ಸಿ, ಜಿಸಿ (ಔಷಧ ಪರೀಕ್ಷೆಯ ಯಂತ್ರಗಳು) ಮೇಲೆ ಕೈ ಕುದುರಿದ್ದರೆ ರೆಸ್ಯೂಮೆಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ, ಯಾವ ಆಡಿಟ್ ಎದುರಿಸಿದ್ದೀರಿ ಎಂಬುದನ್ನೂ ಬರೆಯಿರಿ.

ಜಾಗದ ಆಯ್ಕೆಯಲ್ಲಿ ಎಚ್ಚರ ಬೇಕು. ಪಟಾನ್‌ಚೆರು ಕಡೆ ಕೆಲಸ ಸುಲಭವಾಗಿ ಸಿಗುತ್ತದೆ. ಆದರೆ ಅದು ಸಂಗಾರೆಡ್ಡಿ ಜಿಲ್ಲೆ, ಜಹೀರಾಬಾದ್ ಕೂಡ ಅದೇ ಜಿಲ್ಲೆ. ಬೀದರ್-ಹುಮನಾಬಾದ್‌ನವರು ಸಂತೆಗೂ ಆಸ್ಪತ್ರೆಗೂ ಓಡಾಡುವ ದಾರಿ ಅದು. ಫಲಕದ ಮೇಲೆ ನೋಟಿಸ್ ಬಿದ್ದರೆ ಗುರುತಿನವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಜೀಡಿಮೆಟ್ಲ ಕಡೆಯಾದರೆ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆ, ದೊಡ್ಡ ಊರಿನ ಜನಜಂಗುಳಿ. ನನ್ನ ಮತ ಅದಕ್ಕೇ.

ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲೂ ಯಾದಗಿರಿಯ ಕಡೇಚೂರಿನಲ್ಲೂ ಔಷಧ, ರಾಸಾಯನಿಕ ಘಟಕಗಳಿವೆ. ಕೊಳಾರ ನಿಮ್ಮಿಬ್ಬರಿಗೆ ಸದ್ಯಕ್ಕೆ ಬೇಡ, ಮನೆ ಬಾಗಿಲಲ್ಲೇ ನಿಂತಂತೆ ಆಗುತ್ತದೆ. ಕಡೇಚೂರಿನಲ್ಲಿ ವಾಸನೆ, ಹೊಗೆ, ನೀರಿನ ಬಗ್ಗೆ ಸುತ್ತಲಿನ ಹಳ್ಳಿಯವರ ದೂರು ಬಹಳ ದಿನದಿಂದ ಇದೆ. ಅಲ್ಲಿ ಮನೆ ಮಾಡುವ ಮೊದಲು ರಾತ್ರಿ ಹೊತ್ತು ಒಮ್ಮೆ ಹೋಗಿ ನೋಡಿ.

ಇಬ್ಬರೂ ಒಂದೇ ದಿನ ರಾಜೀನಾಮೆ ಕೊಡಬೇಡಿ. ಕೈಯಲ್ಲಿ ಆಫರ್ ಲೆಟರ್ ಬಂದವರು ಮೊದಲು ಹೋಗಿ ಮನೆ ಹಿಡಿಯಲಿ, ಒಬ್ಬರ ಪಗಾರ ನಡೆಯುತ್ತಿರಲಿ. ರಿಲೀವಿಂಗ್ ಲೆಟರ್ ಕೈಗೆ ಬರುವ ತನಕ ಕಾರಣ ಯಾರಿಗೂ ಹೇಳುವುದು ಬೇಡ, ಎಚ್‌ಆರ್‌ಗೂ ಬೇಡ. ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರ್) ಒಂದೇ ಇರಲಿ, ಹೊಸ ಕಂಪನಿಗೆ ಅದನ್ನೇ ಕೊಟ್ಟು ಪಿಎಫ್ ವರ್ಗ ಮಾಡಿಸಿ. ಕೈಯಲ್ಲಿ ದುಡ್ಡು ಬೇಕೆಂದು ಪಿಎಫ್ ಒಡೆಯಬೇಡಿ. ಇಬ್ಬರ ನಾಲ್ಕು ತಿಂಗಳ ಖರ್ಚು ಮತ್ತು ಮನೆಯ ಅಡ್ವಾನ್ಸ್ ಉಳಿತಾಯದಲ್ಲಿ ಇದ್ದಾಗ ಮಾತ್ರ ಹೆಜ್ಜೆ ಇಡಿ.

ಶರಣ_ಸೂಫಿ ಅವರ ಉತ್ತರ

ಎಲ್ಲರೂ ಹೋಗಿ ಹೋಗಿ ಎನ್ನುತ್ತಿದ್ದೀರಿ. ಕಲಬುರಗಿಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಒಂದೇ ಓಣಿಯ ಜನ ಹೋಗುವ ಊರು ಇದು. ಆದರೆ ಇದೇ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಅವರಿಬ್ಬರೂ ಪ್ರಾಣ ತೆತ್ತರು ಎಂಬುದೂ ನಮ್ಮ ನೆಲದ್ದೇ ನೆನಪು. ಹಾಗಾಗಿ ಊರಿನ ಹೆಸರು ನಂಬಿ ಬನ್ನಿ ಎನ್ನುವುದಿಲ್ಲ. ಬರುವುದಾದರೆ ಮದುವೆ ಮುಗಿಸಿ, ಪ್ರಮಾಣಪತ್ರ ಕೈಯಲ್ಲಿ ಹಿಡಿದು ಬನ್ನಿ. ಬಂದರೂ ಹುಮನಾಬಾದ್‌ಗೋ ಶಹಾಬಾದ್‌ಗೋ ಅಲ್ಲ, ಕಲಬುರಗಿ ನಗರಕ್ಕೆ.

371(ಜೆ) ಬಗ್ಗೆ ಭಯ ಬೇಡ. ಇಲ್ಲೇ ಹುಟ್ಟಿದವರ ಅರ್ಹತೆ ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಮಾಡಿದ ಮಾತ್ರಕ್ಕೆ ಅಳಿಯುವುದಿಲ್ಲ. ಗ್ರೂಪ್-ಸಿಯ ಸ್ಥಳೀಯ ವೃಂದದಲ್ಲಿ ನಮ್ಮವರಿಗೆ ಶೇ. 80, ಗ್ರೂಪ್-ಡಿಯಲ್ಲಿ ಶೇ. 85 ಮೀಸಲು. ಅವರು ಮಾಡಬೇಕಾದ್ದು ಒಂದೇ: ಸಹಾಯಕ ಆಯುಕ್ತರ ಕಚೇರಿಯಿಂದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು. ಶಾಲಾ ದಾಖಲಾತಿ, ಜನನ ದಾಖಲೆ, ತಂದೆಯ ವಾಸದ ದಾಖಲೆಗಳನ್ನು ಸುದ್ದಿ ಒಡೆಯುವ ಮೊದಲೇ ಒಟ್ಟು ಮಾಡಲಿ. ಮನೆಯವರು ಮುನಿಸಿಕೊಂಡ ಮೇಲೆ ಅಪ್ಪನ ಪಡಿತರ ಚೀಟಿಯ ಜೆರಾಕ್ಸ್ ಕೂಡ ಸಿಗುವುದಿಲ್ಲ. ಆಧಾರ್ ವಿಳಾಸ ತೆಲಂಗಾಣಕ್ಕೆ ಬದಲಿಸುವ ಮೊದಲು ಈ ಕೆಲಸ ಮುಗಿದರೆ ಕಚೇರಿಯಲ್ಲಿ ಪ್ರಶ್ನೆಗಳೂ ಕಮ್ಮಿ.

ಕಾರಂಜಾ_ದಂಡೆ

ಎಲ್ಲರಿಗೂ ಶರಣು. ಹಾಗಾದರೆ ಮೊದಲು ಕಾಗದ-ಪತ್ರ, ಆಮೇಲೆ ಕೆಲಸ, ಆಮೇಲೆ ನೋಟಿಸ್. ಒಂದು ಅನುಮಾನ ಉಳಿದಿದೆ. ಮಧ್ಯದಲ್ಲಿ ಮನೆಯವರಿಗೆ ಗೊತ್ತಾಗಿ, 'ಮಗಳು ಕಾಣೆಯಾಗಿದ್ದಾಳೆ' ಎಂದೋ 'ಅಪಹರಣ' ಎಂದೋ ಠಾಣೆಗೆ ದೂರು ಕೊಟ್ಟರೆ?

ಕೋರ್ಟ್_ರೋಡ್ ಅವರ ಉತ್ತರ

ಕೊಡುತ್ತಾರೆ ಎಂದುಕೊಂಡೇ ತಯಾರಿ ಮಾಡಿ. ಊರು ಬದಲಿಸುವ ವಾರದಲ್ಲೇ ನೋಟರಿ ಎದುರು ಒಂದು ಅಫಿಡವಿಟ್ ಮಾಡಿಸಿ: ನನ್ನ ವಯಸ್ಸು ಇಷ್ಟು, ಸ್ವಂತ ಇಚ್ಛೆಯಿಂದ ಇಂಥ ಊರಿನಲ್ಲಿ ಕೆಲಸ ಮಾಡಿಕೊಂಡಿದ್ದೇನೆ, ಯಾರೂ ಬಲವಂತ ಮಾಡಿಲ್ಲ. ಮನೆಗೆ ತಿಳಿದ ದಿನವೇ ಅದರ ಪ್ರತಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಲಗತ್ತಿಸಿ ನಿಮ್ಮೂರಿನ ಠಾಣೆಗೆ, ಬೀದರ್ ಎಸ್ಪಿ ಕಚೇರಿಗೆ, ನೀವಿರುವ ಊರಿನ ಠಾಣೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಂಚೆ ರಸೀದಿ ಜೋಪಾನ. ಊರಿನ ಠಾಣೆಗೆ ಕಳಿಸುವ ಪ್ರತಿಯಲ್ಲಿ ಮನೆ ನಂಬರ್ ಬರೆಯಬೇಕಿಲ್ಲ, ವಕೀಲರ ವಿಳಾಸ ಸಾಕು.

ಪೊಲೀಸರು ಹೇಳಿಕೆಗೆ ಕರೆದರೆ ಒಬ್ಬಳೇ ಹೋಗಬೇಡಿ, ವಕೀಲರ ಜೊತೆ ಹೋಗಿ. ಮ್ಯಾಜಿಸ್ಟ್ರೇಟ್ ಎದುರು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 183ರ ಅಡಿ ಹೇಳಿಕೆ ದಾಖಲಿಸಿ ಎಂದು ನೀವೇ ಕೇಳಿ. ಅಪಹರಣದ ದೂರು ಮುರಿಯುವುದು ಅಲ್ಲಿ. 'ಒಮ್ಮೆ ಮನೆಗೆ ಬಂದು ಅವ್ವನ ಮುಖ ನೋಡಿ ಹೋಗು' ಎಂದು ಠಾಣೆಯಲ್ಲೇ ರಾಜಿ ಮಾಡಿಸಲು ನೋಡುತ್ತಾರೆ. ಅವ್ವನನ್ನು ನೋಡಬೇಕೆನಿಸಿದರೆ ವಕೀಲರ ಕಚೇರಿಯಲ್ಲಿ ನೋಡಿ, ಮನೆಯಲ್ಲಿ ಬೇಡ. ಹೋದ ಹುಡುಗಿಯರನ್ನು ಕೂಡಿಹಾಕುವುದು ಆ ಭೇಟಿಯಲ್ಲೇ.

ಬೆದರಿಕೆ ಬಂದರೆ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಕೊಟ್ಟ ತೀರ್ಪನ್ನು ಹೆಸರಿಸಿ ಎಸ್ಪಿಗೆ ಲಿಖಿತ ಅರ್ಜಿ ಕೊಡಿ. ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಇರಬೇಕು, ಇಂಥ ಜೋಡಿಗಳಿಗೆ ನಾಮಮಾತ್ರ ಶುಲ್ಕದಲ್ಲಿ ಸುರಕ್ಷಿತ ವಸತಿ ಕೊಡಬೇಕು ಎಂದು ಅದರಲ್ಲಿ ನಿರ್ದೇಶನವಿದೆ. ವಸತಿ ಮೊದಲು ಒಂದು ತಿಂಗಳಿಗೆ, ಅಗತ್ಯವಿದ್ದರೆ ಒಂದು ವರ್ಷದವರೆಗೂ ವಿಸ್ತರಿಸಬಹುದು. ಅರ್ಜಿಯಲ್ಲಿ ಬೆದರಿಸಿದವರ ಹೆಸರು, ಫೋನ್ ನಂಬರ್, ದಿನ, ಹೊತ್ತು ಬರೆಯಿರಿ. 'ನಮಗೆ ಭಯ ಇದೆ' ಎಂದಷ್ಟೇ ಬರೆದ ಅರ್ಜಿ ಕಡತ ಸೇರಿ ಕೂರುತ್ತದೆ. ಎಸ್ಪಿ ಕಚೇರಿ ಅಲುಗಾಡದಿದ್ದರೆ ಹೈಕೋರ್ಟಿನಲ್ಲಿ ರಿಟ್: ಬೀದರ್ ಪೊಲೀಸರ ವಿಷಯವಾದರೆ ನಮ್ಮ ಕಲಬುರಗಿ ಪೀಠ, ತೆಲಂಗಾಣದ ಪೊಲೀಸರದಾದರೆ ಹೈದರಾಬಾದ್.

ವಕೀಲರ ಫೀಗೆ ಹಿಂಜರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ, ಇಲ್ಲವೇ ನೀವಿರುವ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಈ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ, ಆತನ ಹೆಸರಿನಲ್ಲಿ ಕೊಟ್ಟರೆ ಆದಾಯದ ಮಿತಿ ನೋಡುತ್ತಾರೆ. ಮೂವರು ಸಾಕ್ಷಿಗಳನ್ನೂ ಈಗಲೇ ಗೊತ್ತು ಮಾಡಿ, ಜೊತೆಗೆ ಒಬ್ಬರು ಹೆಚ್ಚಿಗೆ ಇರಲಿ. ಮದುವೆಯ ಹಿಂದಿನ ದಿನ ಮನೆಯವರ ಫೋನ್ ಬಂದು ಹಿಂದೆ ಸರಿಯುವವರು ಸಾಕ್ಷಿಗಳೇ. ಹೈದರಾಬಾದ್‌ನಲ್ಲೇ ಇರುವವರು, ನಿಮ್ಮೂರಿನ ನಂಟಿಲ್ಲದವರು ಸಿಕ್ಕರೆ ಒಳ್ಳೆಯದು.