ಓದಿದ ಉಂಗುರ, ನೋಡಿದ ಉಂಗುರ

ಪ್ರಶ್ನೆ:
ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಮೊದಲು ಕೈಗೆ ಬಂದದ್ದು ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ. ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸಿನಿಮಾಗಳನ್ನು ಮಾತ್ರ ಇಂದಿಗೂ ನೋಡಿಲ್ಲ. ನನ್ನ ಮನಸ್ಸಿನಲ್ಲಿರುವ ಶೈರ್, ಕಥಾನಾಯಕ ಫ್ರೋಡೋನ ಆ ನಾಡು, ಅಳಿಸಿಹೋದೀತು ಎಂಬ ಭಯ. ಈಗ ಮಗ ಮೂರೂ ಸಂಪುಟ ಓದಿ ಮುಗಿಸಿದ್ದಾನೆ. 'ಅಮ್ಮ, ಒಟ್ಟಿಗೆ ನೋಡೋಣ' ಎಂದು ಹಿಡಿದ ಪಟ್ಟು ಬಿಡುತ್ತಿಲ್ಲ. ಈ ಪುಸ್ತಕವನ್ನು ನನ್ನಷ್ಟೇ ಹಚ್ಚಿಕೊಂಡವರು ಸಿನಿಮಾವನ್ನು ಹೇಗೆ ನೋಡಿದಿರಿ? ನೋಡಿದ ಮೇಲೆ ಏನಾಯಿತು?

ಉತ್ತರ:
ನಾನೂ ನಿಮ್ಮ ಹಾಗೆಯೇ ಇದ್ದವನು. 2001ರಲ್ಲಿ ಮೊದಲ ಭಾಗ ಬಂದಾಗ ತಪ್ಪು ಹುಡುಕಲೆಂದೇ ಹೋಗಿ ಕುಳಿತೆ. ಸಿಕ್ಕವು ಕೂಡ. ಪುಸ್ತಕದ ಟಾಮ್ ಬಾಂಬಡಿಲ್ ಎಂಬ ಪಾತ್ರದ ಸುಳಿವೇ ಇಲ್ಲ. ಗಾಯಗೊಂಡ ಫ್ರೋಡೋನನ್ನು ಪುಸ್ತಕದಲ್ಲಿ ಗ್ಲೋರ್ಫಿಂಡೆಲ್ ಎಂಬ ಯೋಧ ತನ್ನ ಕುದುರೆಯ ಮೇಲೆ ಕೂರಿಸುತ್ತಾನೆ, ಹೊಳೆಯನ್ನು ಫ್ರೋಡೋ ಒಬ್ಬನೇ ದಾಟುತ್ತಾನೆ. ಇಲ್ಲಿ ಅರ್ವೆನ್ ಎಂಬಾಕೆ ಬಂದು ಅವನನ್ನು ಕರೆದೊಯ್ಯುತ್ತಾಳೆ. ಈ ಲೆಕ್ಕಾಚಾರದಲ್ಲೇ ಸುಮಾರು ಮೂರು ಗಂಟೆ ಕಳೆದುಹೋಯಿತು. ಸಿನಿಮಾ ನೋಡಲೇ ಇಲ್ಲ ಎನ್ನಬೇಕು.

ಎರಡನೆಯ ಸಲ ಒಂದು ದೃಶ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಫ್ರೋಡೋನ ಹಿರಿಯ ಬಂಧು ಬಿಲ್ಬೋ, ಹೊಂದಿದವರನ್ನು ಸೆಳೆದು ಕೆಡಿಸುವ ಆ ಉಂಗುರವನ್ನು ಬಿಟ್ಟುಹೋಗುವ ಪುಸ್ತಕದ ಪ್ರಸಂಗ ನಿಮಗೆ ನೆನಪಿರುತ್ತದೆ: ಉಂಗುರ ಲಕೋಟೆಯಲ್ಲಿದೆ, ಅದನ್ನು ಅಗ್ಗಿಷ್ಟಿಕೆಯ ಮೇಲಿಡಲು ಹೋಗುತ್ತಾನೆ, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ, ಲಕೋಟೆ ಕೆಳಗೆ ಬೀಳುತ್ತದೆ. ಅವನು ಎತ್ತಿಕೊಳ್ಳುವ ಮೊದಲೇ ಮಾಂತ್ರಿಕ ಗ್ಯಾಂಡಾಲ್ಫ್ ಬಾಚಿಕೊಂಡು ಮೇಲಿಡುತ್ತಾನೆ. ಸಿನಿಮಾದಲ್ಲಿ ಲಕೋಟೆಯಿಲ್ಲ. ಬಿಲ್ಬೋ ಬಾಗಿಲ ಬಳಿ ನಿಂತು ಮುಷ್ಟಿ ಬಿಚ್ಚುತ್ತಾನೆ. ಅಂಗೈಯನ್ನು ನಿಧಾನವಾಗಿ ಓರೆ ಮಾಡುತ್ತಾನೆ. ಉಂಗುರ ಜಾರುತ್ತದೆ, ಬೀಳುತ್ತದೆ. ಅಷ್ಟು ಸಣ್ಣ ಉಂಗುರ ಕಿಣಿಕಿಣಿ ಎಂದು ಪುಟಿದು ಉರುಳಬೇಕಿತ್ತು. ಇದು ಕಬ್ಬಿಣದ ಗುಂಡು ಬಿದ್ದಂತೆ ದಪ್ಪನೆ ಬಿದ್ದು ಅಲ್ಲೇ ಅಂಟಿಕೊಳ್ಳುತ್ತದೆ! ಎತ್ತಲು ಬಗ್ಗಿದ ಗ್ಯಾಂಡಾಲ್ಫ್ ಕೂಡ ಬೆರಳು ತಾಗಿಸುವ ಮೊದಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಟೋಲ್ಕಿನ್ ಬರೆದದ್ದು ಹೀಗಲ್ಲ. ಆದರೆ ಮೂರು ಸಂಪುಟಗಳ ಉದ್ದಕ್ಕೂ ಫ್ರೋಡೋ ಹೊರುವ ಭಾರ ಎಂಥದ್ದೆಂದು ಆ ಒಂದು ಸದ್ದಿನಲ್ಲಿ ನನಗೆ ಕೇಳಿಸಿತು. ನಿರ್ದೇಶಕ ಪೀಟರ್ ಜಾಕ್ಸನ್ ಅವರೂ ಈ ಪುಸ್ತಕವನ್ನು ನಮ್ಮ ಹಾಗೆಯೇ ಎದೆಗಪ್ಪಿಕೊಂಡು ಓದಿದವರು ಎಂಬ ನಂಬಿಕೆ ಅಲ್ಲಿ ಹುಟ್ಟಿತು. ನನ್ನ ಶೈರ್ ಎಲ್ಲಿಗೂ ಹೋಗಿಲ್ಲ. ಪುಸ್ತಕ ತೆರೆದರೆ ಲಕೋಟೆಯೇ ಕಾಣುತ್ತದೆ.

ಉತ್ತರ:
ನಿಮ್ಮ ಭಯ ಸುಳ್ಳಲ್ಲ. ನಾನು ಸಿನಿಮಾ ನೋಡಿ ಆಮೇಲೆ ಓದಿದವಳು. ಶೈರ್ ಬಿಟ್ಟು ಹೊರಡುವಾಗ ಫ್ರೋಡೋಗೆ 50 ವರ್ಷ, ಬಿಲ್ಬೋನ ಔತಣ ನಡೆದು 17 ವರ್ಷ ಕಳೆದಿವೆ ಎಂದು ಪುಸ್ತಕ ಹೇಳುತ್ತದೆ. ಎಷ್ಟು ಪ್ರಯತ್ನಿಸಿದರೂ ನನ್ನ ಕಣ್ಣಿಗೆ ಬರುವುದು ಎಲೈಜಾ ವುಡ್ ಅವರ ಎಳೆಯ ಮುಖವೇ. ನಿಮ್ಮ ಫ್ರೋಡೋ ಮಾತ್ರ ನಿಮ್ಮೊಳಗೆ ಬಹುಕಾಲದಿಂದ ಮನೆ ಮಾಡಿಕೊಂಡಿದ್ದಾನೆ, ಅವನನ್ನು ಯಾರೂ ಸುಲಭವಾಗಿ ಎಬ್ಬಿಸಲಾರರು. ಮಗ ಓದಿ ಮುಗಿಸುವವರೆಗೆ ಕಾದಿರಲ್ಲ, ಅದು ಬಹಳ ಒಳ್ಳೆಯದಾಯಿತು.

ಉತ್ತರ:
ಮೊದಲ ಭಾಗವನ್ನು ಧೈರ್ಯವಾಗಿ ನೋಡಿ. 2002ರ ಎರಡನೆಯ ಭಾಗಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ದಾರಿಯಲ್ಲಿ ಬಿದ್ದು ಸಿಕ್ಕಿದರೂ ಆ ವಸ್ತುವನ್ನು ಮುಟ್ಟಲಾರೆ ಎನ್ನುವ ಫಾರಮಿರ್ ಪುಸ್ತಕದಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು. ಸಿನಿಮಾದ ಫಾರಮಿರ್ ಉಂಗುರವನ್ನು ತಂದೆಗೆ ಒಪ್ಪಿಸಲು ಹೊರಟು, ಫ್ರೋಡೋನನ್ನು ಓಸ್‌ಗಿಲಿಯಾತ್‌ವರೆಗೂ ಎಳೆದೊಯ್ಯುತ್ತಾನೆ. ಅಂಥ ಆಸೆಯ ವಸ್ತುವಿನ ಎದುರು ಒಬ್ಬನೂ ಸಡಿಲವಾಗದಿದ್ದರೆ ತೆರೆಯ ಮೇಲೆ ಅದರ ಭಯ ಇಳಿದುಹೋಗುತ್ತದೆ ಎಂಬ ವಾದ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಇಷ್ಟು ವರ್ಷಗಳಾದರೂ ಆ ನೋವು ಆರಿಲ್ಲ. ಫಾರಮಿರ್ ಬರುವ ಅಧ್ಯಾಯಗಳನ್ನು ಹಿಂದಿನ ದಿನ ಓದಲು ಹೋಗಬೇಡಿ. ನಾನು ಓದಿಕೊಂಡು ಹೋಗಿ ಸಂಕಟಪಟ್ಟೆ.

ಉತ್ತರ:
ಫಾರಮಿರ್‌ನ ಅಣ್ಣ ಬೊರೊಮಿರ್‌ನ ವಿಷಯದಲ್ಲಿ ನನ್ನ ಅನುಭವ ಇದಕ್ಕೆ ತಿರುಗುಮುರುಗು. ಪುಸ್ತಕದಲ್ಲಿ ಬೊರೊಮಿರ್‌ನ ಕಾಳಗ ನಮಗೆ ಕಾಣುವುದಿಲ್ಲ. ಕೊಂಬಿನ ದನಿ ಕೇಳಿ ಸಂಗಾತಿ ಅರಗಾರ್ನ್ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದೂ ಎರಡನೆಯ ಸಂಪುಟದ ಮೊದಲ ಅಧ್ಯಾಯದಲ್ಲಿ. ಸಿನಿಮಾ ಅದನ್ನು ಮೊದಲ ಭಾಗದ ಕೊನೆಗೆ ತಂದು, ಬಾಣದ ಮೇಲೆ ಬಾಣ ನೆಟ್ಟರೂ ಅವನು ಮತ್ತೆ ಎದ್ದು ನಿಲ್ಲುವುದನ್ನು ತೋರಿಸುತ್ತದೆ. ಫ್ರೋಡೋನಿಂದ ಉಂಗುರ ಕಿತ್ತುಕೊಳ್ಳಲು ಹೋದನೆಂದು ಓದುವಾಗ ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಕರಗಿತು. ಈಗ ಪುಸ್ತಕದಲ್ಲಿ ಅವನ ಮೊದಲ ಮಾತಿನಿಂದಲೇ ಕರುಳು ಚುರ್ ಎನ್ನುತ್ತದೆ.

ಇನ್ನೊಂದು ಮಾತು. ಟೋಲ್ಕಿನ್ ಲೋಕವನ್ನು ಮೊದಲೇ ಚಿತ್ರಗಳಲ್ಲಿ ಬಿಡಿಸಿದ್ದ ಆಲನ್ ಲೀ, ಜಾನ್ ಹೌ ಇಬ್ಬರೂ ಈ ಸಿನಿಮಾಗಳ ವಿನ್ಯಾಸಕ್ಕೆ ದುಡಿದಿದ್ದಾರೆ. ನಿಮ್ಮ ಪ್ರತಿಯಲ್ಲಿ ಅವರ ಚಿತ್ರಗಳಿದ್ದರೆ ಅನೇಕ ಜಾಗಗಳು ಪರಿಚಿತವೆನಿಸುತ್ತವೆ. ನೋಡುವುದಾದರೆ ಮೊದಲ ಭಾಗದ ದೀರ್ಘ ಆವೃತ್ತಿಯನ್ನೇ ನೋಡಿ. ಕಾಡಿನ ಒಡತಿ ಗಲಾಡ್ರಿಯೆಲ್ ಫ್ರೋಡೋನ ತಂಡದ ಒಬ್ಬೊಬ್ಬರಿಗೂ ಉಡುಗೊರೆ ಕೊಡುವ ಪ್ರಸಂಗ ಅದರಲ್ಲಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಸಾರೆ ಧನ್ಯವಾದಗಳು. ಈ ಶನಿವಾರ ದೀರ್ಘ ಆವೃತ್ತಿಯನ್ನೇ ನೋಡುತ್ತೇವೆ, ಮೊದಲ ಭಾಗ ಮಾತ್ರ. ಫಾರಮಿರ್‌ಗೆ ನಾನಿನ್ನೂ ಸಿದ್ಧಳಿಲ್ಲ. ಉಂಗುರದ ಸದ್ದಿನ ವಿಷಯವನ್ನು ಮಗನಿಗೆ ಹೇಳಿಲ್ಲ. ಅವನೇ ಕೇಳಿಸಿಕೊಳ್ಳಲಿ.