ಬೆಂಗಳೂರಿನಲ್ಲಿ ಬಾಡಿಗೆಗಾಗಿ ಮೊದಲ ಆಸ್ತಿ ಕೊಳ್ಳುವ ಯೋಚನೆ: ಅನುಭವವಿರುವವರು ತಿಳಿಸಿಕೊಡಿ

ಪ್ರಶ್ನೆ, ಬಸವೇಶ್ವರನಗರದಿಂದ

ನಾನೂ ನನ್ನ ಪತ್ನಿಯೂ ಉದ್ಯೋಗದಲ್ಲಿದ್ದೇವೆ. ತೆರಿಗೆ ಕಳೆದು ತಿಂಗಳಿಗೆ 1.9 ಲಕ್ಷ ರೂಪಾಯಿ ಕೈಗೆ ಬರುತ್ತದೆ, ಎಂಟು ವರ್ಷಗಳಲ್ಲಿ ಕೂಡಿಟ್ಟ 35 ಲಕ್ಷ ಇದೆ, ವಾಸ 30 ಸಾವಿರದ ಬಾಡಿಗೆ ಮನೆಯಲ್ಲಿ. ಎರಡು ಆಸ್ತಿಗಳನ್ನು ನೋಡಿದ್ದೇವೆ. ವೈಟ್‌ಫೀಲ್ಡ್ ಸಮೀಪದ ಎರಡು ಬೆಡ್‌ರೂಮಿನ 90 ಲಕ್ಷದ ಫ್ಲ್ಯಾಟನ್ನು ಸಾಲ ಮಾಡಿ ಕೊಂಡು ಬಾಡಿಗೆಗೆ ಕೊಡುವುದು ಒಂದು ದಾರಿ. ದೇವನಹಳ್ಳಿ ಕಡೆ 30x40 ಅಳತೆಯ ಕಂದಾಯ ನಿವೇಶನವನ್ನು (ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಸಾಲವಿಲ್ಲದೆ 32 ಲಕ್ಷಕ್ಕೆ ಕೊಳ್ಳುವುದು ಇನ್ನೊಂದು. ಆಸ್ತಿ ವ್ಯವಹಾರ ನಮಗೆ ಹೊಸದು, ಮನೆಯಲ್ಲಿ ಕೇಳಬಹುದಾದ ಹಿರಿಯರೂ ಇಲ್ಲ. ಬೇಡವೆನ್ನುವುದಾದರೂ ಕಾರಣ ಸಹಿತ ತಿಳಿಸಬೇಕಾಗಿ ವಿನಂತಿ.

ವಿಜಯನಗರದಿಂದ, ನಿವೃತ್ತ ಬ್ಯಾಂಕ್ ಉದ್ಯೋಗಿ

ನಾನು ಬಹಳ ವರ್ಷ ಗೃಹಸಾಲದ ಅರ್ಜಿಗಳನ್ನು ಪರಿಶೀಲಿಸಿದವನು. ಆದ್ದರಿಂದ ಫ್ಲ್ಯಾಟಿನ ಲೆಕ್ಕವನ್ನೇ ಮೊದಲು ಬರೆಯುತ್ತೇನೆ, ದಯವಿಟ್ಟು ನೀವೂ ಕಾಗದ ಹಿಡಿದು ಕೂಡಿ ನೋಡಿ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಸಾಲ ಆಸ್ತಿಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಅಂದರೆ ನಿಮಗೆ ಹೆಚ್ಚೆಂದರೆ 72 ಲಕ್ಷ ಸಿಗುತ್ತದೆ, ಉಳಿದ 18 ಲಕ್ಷ ನಿಮ್ಮ ಕೈಯಿಂದ ಹೋಗಬೇಕು. ಹೊಸಬರು ಮರೆಯುವುದು ನೋಂದಣಿ ವೆಚ್ಚವನ್ನು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ: ಒಟ್ಟು ಶೇ 7.6, ಅಂದರೆ 6.84 ಲಕ್ಷ. ಈ ಮೊತ್ತವನ್ನು ಬ್ಯಾಂಕು ಆಸ್ತಿಯ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ. ಬಾಡಿಗೆದಾರರು ಬರುವಂತೆ ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಗೀಸರು ಮಾಡಿಸಲು ಮೂರೂವರೆ ಲಕ್ಷ ಇಟ್ಟುಕೊಂಡರೆ ನಿಮ್ಮ 35 ಲಕ್ಷದಲ್ಲಿ ಉಳಿಯುವುದು ಸುಮಾರು ಆರೂವರೆ ಲಕ್ಷ ಮಾತ್ರ. ಕಟ್ಟಡ ಇನ್ನೂ ನಿರ್ಮಾಣದ ಹಂತದಲ್ಲಿದ್ದರೆ ಶೇ 5 ಜಿಎಸ್‌ಟಿ ಬೇರೆ ಬೀಳುತ್ತದೆ.

ಇನ್ನು ತಿಂಗಳ ಲೆಕ್ಕ. ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ 72 ಲಕ್ಷದ ಕಂತು ಸುಮಾರು 62,500 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 51,000 ಬಡ್ಡಿಗೇ ಹೋಗುತ್ತದೆ. ಬಾಡಿಗೆ 30 ಸಾವಿರ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಇರುತ್ತದೆಂದು ಹನ್ನೊಂದೇ ತಿಂಗಳು ಎಣಿಸಿ, ನಿರ್ವಹಣಾ ಶುಲ್ಕ 48 ಸಾವಿರವನ್ನೂ ಆಸ್ತಿ ತೆರಿಗೆ, ಬಣ್ಣ, ರಿಪೇರಿಗಳಿಗೆಂದು 30 ಸಾವಿರವನ್ನೂ ಕಳೆದರೆ ವರ್ಷಕ್ಕೆ 2.52 ಲಕ್ಷ, ತಿಂಗಳಿಗೆ 21 ಸಾವಿರ ನಿಲ್ಲುತ್ತದೆ. ಉಳಿದ 41,500 ರೂಪಾಯಿಯನ್ನು ಪ್ರತಿ ತಿಂಗಳೂ ನಿಮ್ಮ ಸಂಬಳವೇ ತುಂಬಬೇಕು, ಅದೂ ನಿಮ್ಮ ಮನೆಬಾಡಿಗೆ ಕೊಟ್ಟ ಮೇಲೆ. "ಬಾಡಿಗೆಯೇ ಸಾಲ ತೀರಿಸುತ್ತದೆ" ಎಂಬ ಮಾತನ್ನು ನಂಬಿ ಬಂದ ಎಷ್ಟೋ ದಂಪತಿಗಳನ್ನು ನನ್ನ ಮೇಜಿನ ಮುಂದೆ ಕಂಡಿದ್ದೇನೆ; ಈ ಊರಿನ ಬೆಲೆಗೆ ಆ ಮಾತು ಹೊಂದುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರು ಈ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯುವಂತೆಯೂ ಇಲ್ಲ.

ಹಾಗೆಂದು ಕೊಳ್ಳಬೇಡಿ ಎನ್ನುತ್ತಿಲ್ಲ. 60 ಲಕ್ಷದೊಳಗಿನ, ಹತ್ತು ಹನ್ನೆರಡು ವರ್ಷ ಹಳೆಯದಾದ, ಮನೆ ಮಾಲೀಕರ ಸಂಘ ಚೆನ್ನಾಗಿ ನಡೆಯುತ್ತಿರುವ ಕಟ್ಟಡದ ಮನೆಯನ್ನು ಹುಡುಕಿ, ಸಾಲವನ್ನು 40 ಲಕ್ಷಕ್ಕೆ ನಿಲ್ಲಿಸಿ. ಕಂತು 35 ಸಾವಿರದೊಳಗೆ ಬರುತ್ತದೆ, ಕೈಯಲ್ಲಿ ಹತ್ತು ಲಕ್ಷ ಉಳಿಯುತ್ತದೆ, ಇಬ್ಬರಲ್ಲಿ ಒಬ್ಬರ ಕೆಲಸ ಆರು ತಿಂಗಳು ನಿಂತರೂ ಮನೆ ಮಾರುವ ಪ್ರಸಂಗ ಬರುವುದಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟಿ.

ನೆಲಮಂಗಲದ ಕಡೆಯಿಂದ, ಶಿಕ್ಷಕಿ

ಕಂದಾಯ ನಿವೇಶನದ ಬಗ್ಗೆ ನಾನು ಬರೆಯಲೇಬೇಕು, ಏಕೆಂದರೆ ನಾನು ಅದರಲ್ಲಿ ಕಳೆದುಕೊಂಡವಳು. 2012ರಲ್ಲಿ ಪಿ.ಎಫ್. ಹಣ ತೆಗೆದು, ತವರಿನ ಒಡವೆಯನ್ನೂ ಅಡವಿಟ್ಟು 9 ಲಕ್ಷಕ್ಕೆ ಒಂದು ಸೈಟು ಕೊಂಡೆವು. ಮಾರಿದವರು 15 ವರ್ಷದ ಇ.ಸಿ.ಯನ್ನು, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿಯನ್ನು, ತೋರಿಸಿದರು, ಅದರಲ್ಲಿ ತೊಡಕೇನೂ ಕಾಣಲಿಲ್ಲ. ಆದರೆ ಆ ಜಮೀನು ಅದಕ್ಕೂ ಬಹಳ ಹಿಂದೆ ಸರ್ಕಾರ ಒಂದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರು ಮಾಡಿದ್ದಾಗಿತ್ತು. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಅವರಿಂದ ಬರೆಸಿಕೊಂಡಿದ್ದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಅಂಥ ಮಾರಾಟ ಅಸಿಂಧು. ಆ ಕುಟುಂಬದ ಮೊಮ್ಮಗ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರು, ಜಮೀನು ಅವರಿಗೆ ಮರಳಿತು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅದು ಅವರ ಹಕ್ಕಿನ ನೆಲ. ನಡುವೆ ಕೈ ಬದಲಾಯಿಸುತ್ತ ಲಾಭ ಮಾಡಿಕೊಂಡವರು ಯಾರೂ ನಮ್ಮ ಫೋನು ತೆಗೆಯಲಿಲ್ಲ ಎಂಬುದಷ್ಟೇ ನನ್ನ ಸಂಕಟ.

ಹಳೆಯದಾಯಿತು, ಇನ್ನಾರು ಕೇಳುತ್ತಾರೆ ಎಂಬ ಧೈರ್ಯವೂ ಈಗ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ಇಂಥ ಅರ್ಜಿಗೆ ಕಾಲಮಿತಿಯೇ ಇಲ್ಲ. ನೀವು ನೋಡಿರುವ ನಿವೇಶನದ ಸರ್ವೆ ನಂಬರಿನ ಹಳೆಯ ಪಹಣಿಗಳನ್ನೂ ಮ್ಯುಟೇಶನ್ (ಹಕ್ಕು ಬದಲಾವಣೆ) ದಾಖಲೆಗಳನ್ನೂ ತೆಗೆಸಿ, ಅದು ಮಂಜೂರಾದ ಜಮೀನೇ ಎಂದು ತಾಲ್ಲೂಕು ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಇನ್ನೊಂದು ಮಾತು: ಕೃಷಿಯಿಂದ ವಾಸದ ಬಳಕೆಗೆ ಭೂಪರಿವರ್ತನೆಯಾಗದ, ಬಡಾವಣೆ ನಕ್ಷೆಗೆ ಅನುಮೋದನೆಯಿಲ್ಲದ ಸೈಟಿಗೆ ಬ್ಯಾಂಕುಗಳು ಸುಲಭಕ್ಕೆ ಸಾಲ ಕೊಡುವುದಿಲ್ಲ. ನಿಮಗೆ ಸಾಲ ಬೇಡದಿರಬಹುದು. ನಾಳೆ ನಿಮ್ಮಿಂದ ಕೊಳ್ಳುವವರಿಗೆ ಬೇಕಾಗುತ್ತದೆ.

ಯಲಹಂಕದಿಂದ, ಸಿವಿಲ್ ವಕೀಲ

ಮೇಡಂ ಅವರು ಬರೆದದ್ದು ನಾನು ಪ್ರತಿ ವಾರ ನ್ಯಾಯಾಲಯದಲ್ಲಿ ಕಾಣುವ ಸಂಗತಿ. ಅದಕ್ಕೆ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಇ.ಸಿ. ಎಂಬ ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಬಾಯಿಮಾತಿನ ವಿಭಾಗ, ನಡೆಯುತ್ತಿರುವ ದಾವೆ, ಸತ್ತವರ ವಾರಸುದಾರರು ಅದರಲ್ಲಿ ಕಾಣುವುದಿಲ್ಲ. ಕನಿಷ್ಠ 30 ವರ್ಷದ ಇ.ಸಿ. ತೆಗೆಸಿ, ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗೆ ಒಂದು ಕೊಂಡಿಯೂ ತಪ್ಪದಂತೆ ಓದಿಸಿ. ಬೆಂಗಳೂರಿನ ಸುತ್ತಮುತ್ತ ಅತಿ ಹೆಚ್ಚು ದಾವೆಗಳು ಹುಟ್ಟುವುದು ಹೆಣ್ಣುಮಕ್ಕಳ ಸಹಿಯಿಲ್ಲದೆ ಅಣ್ಣತಮ್ಮಂದಿರು ಮಾರಿದ ಪಿತ್ರಾರ್ಜಿತ ಜಮೀನುಗಳಿಂದ ಎಂಬುದು ನನ್ನ ಅನುಭವ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ ಆದ 1994ರ ತಿದ್ದುಪಡಿಯೂ ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿವೆ, ತಂದೆ 2005ರಲ್ಲಿ ಬದುಕಿರಬೇಕೆಂಬ ಷರತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ವಂಶವೃಕ್ಷ ಕೇಳಿ, ಅದರಲ್ಲಿ ಸಹೋದರಿಯರ ಹೆಸರು ಬಿಟ್ಟುಹೋಗಿಲ್ಲವೇ ಎಂದು ಊರಿನಲ್ಲೇ ವಿಚಾರಿಸಿ.

ಖಾತೆಯ ವಿಷಯದಲ್ಲಿಯೂ ಗೊಂದಲ ಬಹಳ. ಖಾತೆ ತೆರಿಗೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ. 2024ರ ಅಕ್ಟೋಬರಿನಿಂದ ನಗರದಲ್ಲಿ ನೋಂದಣಿಗೆ ಇ-ಖಾತೆ (ಗಣಕೀಕೃತ ಖಾತೆ) ಕಡ್ಡಾಯವಾಗಿದೆ, ಆದರೆ ಬಿ ಖಾತೆಯ, ಅಂದರೆ ನಿಯಮಬದ್ಧ ಅನುಮೋದನೆಯಿಲ್ಲದ, ಆಸ್ತಿಗೂ ಇ-ಖಾತೆ ಬರುತ್ತದೆ. "ಇ-ಖಾತೆ ಆಗಿದೆ ಸಾರ್" ಎಂದೊಡನೆ ಸಮಾಧಾನಪಡಬೇಡಿ; ಎ ಖಾತೆಯೋ ಬಿ ಖಾತೆಯೋ ಎಂದು ಕಾಗದದ ಮೇಲೆ ನೋಡಿ.

ವರ್ತೂರಿನಿಂದ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವವರು

ನೀವು ನೋಡಿದ ಭಾಗದಲ್ಲಿಯೇ ನಮ್ಮದೊಂದು ಮನೆ ಇದೆ. ಬಾಡಿಗೆದಾರರು ಮೊದಲು ಕೇಳುವುದು ಮೆಟ್ರೋ ಎಷ್ಟು ದೂರ ಎಂದು, ಎರಡನೆಯದಾಗಿ ನೀರಿನ ವಿಷಯ. 2024ರ ಮಾರ್ಚ್‌ನಲ್ಲಿ ನಮ್ಮ ಕಟ್ಟಡದ ಎರಡು ಕೊಳವೆಬಾವಿಗಳೂ ಬತ್ತಿದವು. ಟ್ಯಾಂಕರ್ ನೀರಿಗಾಗಿ ನಿರ್ವಹಣಾ ಶುಲ್ಕ ಏರಿತು, ಚೆನ್ನಾಗಿ ಹೊಂದಿಕೊಂಡಿದ್ದ ಕುಟುಂಬವೊಂದು ಮಗುವಿನ ಪರೀಕ್ಷೆ ಮುಗಿಯುತ್ತಲೇ ಮನೆ ಬಿಟ್ಟಿತು, ಮೂರು ತಿಂಗಳು ಬೀಗ ಹಾಕಿಕೊಂಡಿದ್ದೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಆರಂಭವಾಗಿದೆ. ಯೋಜನೆ ಬಂದಿದೆ ಎಂಬುದು ಬೇರೆ, ನಿಮ್ಮ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆ ಎಂಬುದು ಬೇರೆ. ಸಂಘದವರಿಂದ ನೀರಿನ ಬಿಲ್ಲನ್ನೇ ಕೇಳಿ ನೋಡಿ. ಬೇಸಿಗೆಯಲ್ಲಿ, ಸಾಧ್ಯವಾದರೆ ಏಪ್ರಿಲ್‌ನಲ್ಲಿ, ಭಾನುವಾರ ಬೆಳಿಗ್ಗೆ ಹೋಗಿ ಗೇಟಿನ ಬಳಿ ಅರ್ಧ ಗಂಟೆ ನಿಂತರೆ ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತವೆಂದು ತಿಳಿಯುತ್ತದೆ.

ಓ.ಸಿ., ಅಂದರೆ ಕಟ್ಟಡ ನಕ್ಷೆಯಂತೆ ಮುಗಿದು ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಸ್ವಾಧೀನ ಪ್ರಮಾಣಪತ್ರ, ಇಲ್ಲದ ಕಟ್ಟಡವನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಟ್ಟಬೇಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ನಂತರ ಅದಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಸಿಗುವುದೇ ಕಷ್ಟವಾಗಿದೆ.

ಧಾರವಾಡದಿಂದ

ಆಸ್ತಿ ಎಂದರೆ ಮನೆ, ಸೈಟು ಎರಡೇ ಎಂದು ಭಾವಿಸಬೇಕಾಗಿಲ್ಲ. ರೀಟ್ ಎಂದರೆ ಹಲವರ ಹಣ ಸೇರಿಸಿ ಬಾಡಿಗೆ ತರುವ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್. 2019ರಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂದ ಎಂಬಸಿಯ ಕಚೇರಿ ಕಟ್ಟಡಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇವೆ. ಒಂದೊಂದೇ ಯೂನಿಟ್ ಕೊಳ್ಳಬಹುದು, ಹಂಚಬಹುದಾದ ಹಣದ ಶೇ 90ನ್ನು ಹೂಡಿಕೆದಾರರಿಗೆ ಕೊಡಲೇಬೇಕೆಂಬ ನಿಯಮವಿದೆ. ಬೆಲೆ ಇಳಿಯುವುದೂ ಉಂಟು. ಸರಿಯಾದ ಮನೆ ಸಿಗುವವರೆಗೆ ನಾನು ಉಳಿತಾಯದ ಸ್ವಲ್ಪ ಭಾಗವನ್ನು ಅಲ್ಲಿಟ್ಟಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿವೇಶನದವರಿಗೆ ಬೇಡವೆಂದು ತಿಳಿಸಿದ್ದೇವೆ. ಬಸವೇಶ್ವರನಗರದ ಸುತ್ತಲೇ 58 ಲಕ್ಷದ ಒಂದು ಹಳೆಯ ಫ್ಲ್ಯಾಟ್ ನೋಡಿದ್ದೇವೆ, ಓ.ಸಿ. ಇದೆ, ಎ ಖಾತೆ ಇದೆ. ಆದರೆ ಮಾಲೀಕರು ಈ ವಾರವೇ ಐದು ಲಕ್ಷ ಮುಂಗಡ ಕೊಡಬೇಕೆನ್ನುತ್ತಿದ್ದಾರೆ. ಕೊಡಬಹುದೇ?

ಯಲಹಂಕದ ವಕೀಲರು

ಈಗಲೇ ಅಷ್ಟು ಬೇಡ. ದಾಖಲೆಗಳ ಜೆರಾಕ್ಸ್ ಪಡೆದು, ನಿಮ್ಮ ವಕೀಲರೂ ಬ್ಯಾಂಕಿನ ವಕೀಲರೂ ಇಬ್ಬರೂ ಒಪ್ಪಿದ ಮೇಲೆ ಕ್ರಯದ ಕರಾರು ಮಾಡಿಕೊಳ್ಳಿ, ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಹಕ್ಕಿನಲ್ಲಿ ದೋಷ ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕೆಂಬ ವಾಕ್ಯ ಕರಾರಿನಲ್ಲಿ ಇರಲಿ. ಬೆಲೆ 50 ಲಕ್ಷ ಮುಟ್ಟಿರುವುದರಿಂದ ಶೇ 1ರಂತೆ 58 ಸಾವಿರವನ್ನು ಟಿಡಿಎಸ್ ಎಂದು ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರಾದ ನಿಮ್ಮದು. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ದರವೂ ಕ್ರಮವೂ ಬೇರೆಯಾಗುತ್ತದೆ, ಅದನ್ನು ಇಂದೇ ಕೇಳಿಕೊಳ್ಳಿ. ಒಂದು ವಾರ ಕಾಯಲು ಅವರು ಒಪ್ಪದಿದ್ದರೆ ಆ ಮನೆ ಬಿಟ್ಟುಬಿಡಿ. ಇ.ಸಿ. ಬಂದ ಮೇಲೆ ಓದಲು ಕಷ್ಟವಾದರೆ ಇಲ್ಲಿಯೇ ಕೇಳಿ, ಯಾವ ಸಾಲನ್ನು ಹೇಗೆ ನೋಡಬೇಕೆಂದು ತಿಳಿಸುತ್ತೇನೆ.